ಮೇಲಿನ ದೇಶದವರು

ಜೂನ್ 1, ಸೋಮವಾರ

ಅಣೆಕಟ್ಟುಗಳ ನೆರಳಲ್ಲೇ ಕೂದಲು ಬೆಳ್ಳಗಾದವಳು ನಾನು. ದೊಡ್ಡದನ್ನು ಕಂಡು ಬಾಯಿ ಬಿಡುವ ವಯಸ್ಸಲ್ಲ. ಆದರೂ ಇವತ್ತು ಸಭಾಂಗಣದ ಬಾಗಿಲಲ್ಲಿ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರು ಕೆಮ್ಮಿ ದಾರಿ ಕೇಳಬೇಕಾಯಿತು.

ಜಗತ್ತಿನ ಅಷ್ಟೂ ದೇಶಗಳು ಒಂದೇ ಸೂರಿನ ಕೆಳಗೆ. ಒಂದೊಂದಕ್ಕೆ ಒಂದು ಮೇಜು, ಒಂದು ನಾಮಫಲಕ, ಒಂದು ಮೈಕು, ಒಂದು ಲೋಟ ನೀರು. ನಕಾಶೆಯ ಅರ್ಧ ಹಾಳೆ ತುಂಬುವ ದೇಶಕ್ಕೂ ಅದೇ ಅಳತೆಯ ಮೇಜು, ಸಾಸಿವೆ ಕಾಳಿನಷ್ಟಿರುವ ದ್ವೀಪಕ್ಕೂ ಅದೇ. ಯಾರು ಯಾವ ಭಾಷೆಯಲ್ಲೇ ಮಾತಾಡಲಿ, ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಅರೆಕ್ಷಣದಲ್ಲಿ ನಮ್ಮ ಭಾಷೆಯಾಗಿ ಬಂದು ಬೀಳುತ್ತದೆ. ಮೇಲೆ ಗಾಜಿನ ಗೂಡುಗಳಲ್ಲಿ ಕೂತ ದುಭಾಷಿಗಳ ಕೆಲಸ ಅದು. ಮಧ್ಯಾಹ್ನದವರೆಗೂ ಯಾರು ಏನು ಹೇಳಿದರೋ ತಲೆಗೆ ಹೋಗಲಿಲ್ಲ. ಹೇಳಿದ್ದೆಲ್ಲ ನನಗೆ ತಿಳಿಯುತ್ತಿದೆಯಲ್ಲ ಎನ್ನುವುದೇ ಸಾಕಾಗಿತ್ತು.

ಬಂದ ಕೆಲಸ ಏನೆಂದು ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಈ ಮಾತಿನ ಹೊಳೆಯಲ್ಲಿ ನಾನೇ ಕೊಚ್ಚಿಹೋದೇನು. ಈ ಸಭೆಯ ಸನ್ನದನ್ನು ಬರೆದವರು ಒಂದು ಮಹಾಯುದ್ಧದಿಂದ ಆಗತಾನೆ ಎದ್ದು ಬಂದವರು. ಅಪಾಯ ಎಂದರೆ ಅವರ ಕಣ್ಣಿಗೆ ಕಟ್ಟಿದ್ದು ಗಡಿ ದಾಟಿ ಬರುವ ಸೈನ್ಯ ಮಾತ್ರ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಎಂದು ಬರೆದರು. ಜೊತೆಗೆ ಕೆಲವೇ ದೊಡ್ಡ ದೇಶಗಳಿಗೆ ವೀಟೊ ಕೊಟ್ಟರು. ಅವರಲ್ಲಿ ಒಬ್ಬರು 'ಬೇಡ' ಎಂದರೂ ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಈಗ ರೋಗ, ಬರ, ಪ್ರವಾಹ ಯಾವ ಚೌಕಿಯಲ್ಲೂ ಪಾಸ್‌ಪೋರ್ಟ್ ತೋರಿಸದೆ ಒಳಗೆ ಬರುತ್ತಿವೆ. ಅದಕ್ಕೇ ಸನ್ನದಿನ ತಿದ್ದುಪಡಿ. ನನ್ನ ಪಾಲಿಗೆ ಬಂದದ್ದು ಹನ್ನೊಂದನೆಯ ಕಲಮು: ಜನರ ಜೀವಕ್ಕೆ ಅಪಾಯ ತರುವ ಸುದ್ದಿಯನ್ನು ನೆರೆ ದೇಶಗಳು ಒಂದಕ್ಕೊಂದು ಕೊಡಬೇಕು, ಜೀವ ಉಳಿಸುವ ನೆರವಿಗೆ ಯಾರ ವೀಟೊ ಕೂಡ ಅಡ್ಡ ಬರಬಾರದು. ನಮ್ಮ ಪ್ರವಾಹ ಮುನ್ಸೂಚನೆ ಕಚೇರಿಯ ಮುಖ್ಯಸ್ಥೆ ನಾನಾದ್ದರಿಂದ, ನೀರಿನ ಮಾತು ಬಂದರೆ ಇರಲಿ ಎಂದು ನಮ್ಮ ರಾಯಭಾರಿ ಕರೆಸಿಕೊಂಡಿದ್ದಾರೆ.

ಒಂದು ವಿಷಯ ಮಾತ್ರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿದೆ. ಮೇಜುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದಾರೆ. ನಮ್ಮ ಪಕ್ಕದಲ್ಲೇ ಮೇಲಿನ ದೇಶ. ನಮ್ಮ ನದಿ ಹುಟ್ಟುವುದು ಅವರಲ್ಲಿ. ಇಪ್ಪತ್ತು ವರ್ಷದ ಹಿಂದಿನ ಯುದ್ಧದಲ್ಲಿ ನನ್ನ ತಮ್ಮ ಸತ್ತದ್ದು ಅದೇ ನದಿಯ ಗಡಿಸೇತುವೆಯ ಮೇಲೆ. ಆಚೆ ದಡದಿಂದ ಗುಂಡು ಹಾರಿಸಿದವರ ದೇಶದವನು ನನ್ನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಾನೆ. ಬಿಳಿ ತಲೆ, ದಪ್ಪ ಕನ್ನಡಕ. ನನ್ನನ್ನು ಕಂಡು ತಲೆಬಾಗಿದ. ನಾನು ಕಾಗದ ಜೋಡಿಸಿಕೊಳ್ಳತೊಡಗಿದೆ.

ಜೂನ್ 3, ಬುಧವಾರ

ಬೆಳಗಿನಿಂದ ಸಂಜೆಯವರೆಗೆ ಒಂದೇ ಪದದ ಮೇಲೆ ಚರ್ಚೆ. 'ಕೊಡಬೇಕು' ಇರಲೋ, 'ಕೊಡಬಹುದು' ಇರಲೋ. ಮೊದಲು ನಗು ಬಂತು. ಆಮೇಲೆ ನೋಡುತ್ತಾ ನೋಡುತ್ತಾ ಮೈ ಜುಮ್ಮೆಂದಿತು. ಒಂದು ಗೇಟನ್ನು ಗೇಣುದ್ದ ಎತ್ತಿದರೆ ಕೆಳಗೆ ಎಷ್ಟು ಹೊಲ ಮುಳುಗುತ್ತದೆಂದು ನನಗೆ ಗೊತ್ತು. ಇವರಿಗೆ ಪದಗಳ ವಿಷಯದಲ್ಲಿ ಅದೇ ಗೊತ್ತಿದೆ. ಅಧ್ಯಕ್ಷೆ ಒಣಕಲು ಹೆಂಗಸು, ನಗುವುದಿಲ್ಲ. ಮಾತು ನಿಗದಿತ ಹೊತ್ತಿಗಿಂತ ಉಸಿರಿನಷ್ಟು ಹೆಚ್ಚಾದರೂ ಮರದ ಸುತ್ತಿಗೆ ಬಡಿಯುತ್ತಾರೆ, ಎದುರಿಗಿರುವವರು ಮಂತ್ರಿಯಾಗಲಿ, ಮತ್ತೊಬ್ಬರಾಗಲಿ.

ಪಕ್ಕದವನು ಊಟವಾದ ಮೇಲೆ ನಿದ್ದೆ ಹೊಡೆದ. ಸಣ್ಣ ಗೊರಕೆ ಬೇರೆ. ಹೆಸರು ಹಿಡಿದು ಕರೆಯುವ ಮನಸ್ಸಿಲ್ಲ, ಗೊರಕೆರಾಯ ಎಂದಿಟ್ಟುಕೊಂಡಿದ್ದೇನೆ.

ಜೂನ್ 5, ಶುಕ್ರವಾರ

ರಾಜಧಾನಿಯಿಂದ ಆದೇಶ ಬಂತು. 'ಕೊಡಬಹುದು' ಎನ್ನುವ ಪಕ್ಷಕ್ಕೇ ನಾವು ಸೇರಬೇಕಂತೆ. ಕಾರಣ ನನಗೂ ಗೊತ್ತಿರುವುದೇ. ಯುದ್ಧವಾದ ಮೇಲೆ ಅವರ ಅಣೆಕಟ್ಟಿನ ನೀರಿನ ಮಟ್ಟ ಅವರ ಸೈನ್ಯದ ಗುಟ್ಟು. ಗಡಿಯ ಕೆಳಗಿರುವ ನಮ್ಮ ಬ್ಯಾರೇಜಿನ ಗೇಟುಗಳು ನಮ್ಮ ಸೈನ್ಯದ ಗುಟ್ಟು. ಅವರು ಎಷ್ಟು ನೀರು ಬಿಟ್ಟರೆಂದು ನಮಗೆ ತಿಳಿಯುವುದು ನೀರು ನಮ್ಮ ಕಾಲು ತೊಳೆದ ಮೇಲೆ. ನಾವು ಗೇಟು ಇಳಿಸಿದೆವೆಂದು ಅವರಿಗೆ ತಿಳಿಯುವುದು ಹಿನ್ನೀರು ಅವರ ಗಡಿಯೂರಿನ ಹೊಸ್ತಿಲು ಹತ್ತಿದ ಮೇಲೆ. ವರ್ಷವರ್ಷವೂ ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದೇ ನದಿಯನ್ನು ಕಾಯುತ್ತೇವೆ.

ಆದೇಶ ಆದೇಶವೇ. ಎದ್ದು ನಿಂತು ನಮ್ಮ ಭಾಷೆಯಲ್ಲಿ ನಾಲ್ಕು ಮಾತು ಓದಿದೆ. ಕೂರುವಷ್ಟರಲ್ಲಿ ಗೊರಕೆರಾಯ ಎಚ್ಚರಗೊಂಡು, ತನ್ನ ದೇಶದ ನಿಲುವೂ ಅಕ್ಷರಶಃ ಇದೇ ಎಂದ. ಸಭೆಯಲ್ಲಿ ನಗೆಯ ಅಲೆ ಎದ್ದಿತು. ಎಣ್ಣೆ ಸೀಗೆಕಾಯಿಯಂತಿರುವ ಎರಡು ದೇಶಗಳು ಮೊದಲ ಬಾರಿಗೆ ಒಪ್ಪಿದ್ದು ಒಬ್ಬರಿಗೊಬ್ಬರು ಏನನ್ನೂ ಹೇಳಬಾರದು ಎನ್ನುವುದಕ್ಕೆ. ನಾನು ನಗಲಿಲ್ಲ. ಅವನ ಮಾತೂ ನನ್ನ ಮಾತೂ ಒಂದೇ ಆದದ್ದಕ್ಕೆ ಬಾಯಿ ಮುಕ್ಕಳಿಸಬೇಕೆನಿಸಿತು.

ಜೂನ್ 9, ಮಂಗಳವಾರ

ಇದನ್ನು ಹೇಗೆ ಬರೆಯಲಿ?

ಇವತ್ತು ಸಾಸಿವೆ ಕಾಳಿನಷ್ಟಿರುವ ಒಂದು ದ್ವೀಪದ ಪ್ರತಿನಿಧಿ ಮಾತಾಡಿದರು. ನನಗಿಂತ ಹಿರಿಯ ಹೆಂಗಸು, ಮೊದಲು ಶಾಲೆಯಲ್ಲಿ ಟೀಚರಾಗಿದ್ದರಂತೆ. ಕೈಯಲ್ಲಿ ಕಾಗದವಿರಲಿಲ್ಲ. ಈ ಸಭೆಗೆ ಸೇರುವಾಗ ತಮ್ಮವರು ಒಂದು ಮಾತು ಕೊಟ್ಟಿದ್ದರು ಎಂದರು: ಯಾರ ಮೇಲೆ ದಾಳಿಯಾದರೂ ಎದ್ದು ನಿಲ್ಲುತ್ತೇವೆ ಎಂದು. ನಮ್ಮದು ಸೈನ್ಯವಿಲ್ಲದ ದೇಶ, ಆದರೂ ನಿಮ್ಮ ಒಂದೊಂದು ಯುದ್ಧಕ್ಕೂ ದಾದಿಯರನ್ನು, ಮೀನುಗಾರರ ದೋಣಿಗಳನ್ನು ಕಳಿಸಿದ್ದೇವೆ. ಈಗ ಸಮುದ್ರ ನಮ್ಮ ಮೇಲೆ ಬರುತ್ತಿದೆ. ಅಜ್ಜನ ಶಾಲೆ ಹೋಯಿತು, ಅಪ್ಪನ ಶಾಲೆ ಹೋಯಿತು, ನನ್ನ ಶಾಲೆಯ ಮೆಟ್ಟಿಲಿಗೆ ಬಂದಿದೆ. ಇದು ದಾಳಿಯಲ್ಲ, ಯಾಕೆಂದರೆ ಸಮುದ್ರ ಯೂನಿಫಾರ್ಮ್ ಹಾಕಿಲ್ಲ ಎಂದು ನೀವು ಹೇಳುತ್ತೀರಿ. ಹಾಗಾದರೆ ಯಾರು ಎದ್ದು ನಿಲ್ಲುತ್ತೀರಿ?

ಇಷ್ಟೇ ಕೇಳಿ ಕೂತರು. ಕಿವಿಯಲ್ಲಿ ದುಭಾಷಿಯ ದನಿ ಕೊನೆಯ ಮಾತಿಗೆ ಬಂದು ತೊಡರಿತು. ಅಷ್ಟು ಜನ ತುಂಬಿದ ಕೋಣೆಯಲ್ಲಿ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಅಣೆಕಟ್ಟಿನ ಒಳಗಿನ ಸುರಂಗದಲ್ಲಿ ನಿಂತಾಗ ಗೋಡೆಯಾಚೆ ಇಡೀ ನೀರು ಇದೆ ಎಂದು ಚರ್ಮಕ್ಕೆ ತಿಳಿಯುತ್ತದಲ್ಲ, ಹಾಗೆ. ನಾವೆಲ್ಲ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು. ಈಕೆ ಬಾಗಿಲಲ್ಲಿ ನಿಂತು ಇನ್ನೂ ಕರೆಯುತ್ತಿದ್ದಾರೆ.

ಪಕ್ಕದ ಮನುಷ್ಯ ಕನ್ನಡಕ ತೆಗೆದು ಟೈ ತುದಿಯಿಂದ ಒರೆಸುತ್ತಿದ್ದ. ನಿದ್ದೆ ಬಂದಿರಲಿಲ್ಲ.

ಜೂನ್ 12, ಶುಕ್ರವಾರ

ಒಂದು ತಮಾಷೆ. ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಭಾಷೆಯ ದುಭಾಷಿ ಹುಡುಕಿಕೊಂಡು ಬಂದಳು. ಮುಖ ಸಣ್ಣಗಾಗಿತ್ತು. ನಾನು ಮೊನ್ನೆ ಮಾತಾಡುವಾಗ 'ನೆರೆ ದೇಶ' ಎಂದಿದ್ದನ್ನು ಅವಳು ಅವಸರದಲ್ಲಿ 'ಪ್ರವಾಹ ಬಂದ ದೇಶ' ಎಂದು ಹೇಳಿಬಿಟ್ಟಳಂತೆ. ಅಧಿಕೃತ ವರದಿಯಲ್ಲೂ ಹಾಗೇ ಅಚ್ಚಾಗಿದೆಯಂತೆ. ತಿದ್ದಿಸುತ್ತೇನೆ, ಕ್ಷಮಿಸಿ ಎಂದಳು.

ನನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದ ಗೊರಕೆರಾಯ ಗಟ್ಟಿಯಾಗಿ ನಕ್ಕುಬಿಟ್ಟರು. ಗಡಿಯ ಎರಡೂ ಕಡೆ ಒಂದೇ ಭಾಷೆ. ಅವರದು ಸ್ವಲ್ಪ ಎಳೆದು ಆಡುವ ರಾಗ, ಅಷ್ಟೇ.

"ತಿದ್ದೋಕೆ ಹೋಗ್ಬೇಡಮ್ಮ. ನಮ್ಮಿಬ್ಬರ ಮಟ್ಟಿಗೆ ಎರಡೂ ಒಂದೇ ತಾನೆ? ಮೇಡಂಗೆ ನೆರೆ ಅಂದ್ರೆ ನಾನೇ, ಪ್ರವಾಹ ಅಂದ್ರೂ ನಾನೇ" ಎಂದರು.

ನಾನೂ ನಕ್ಕೆ. ನಕ್ಕ ಮೇಲೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ತಟ್ಟೆ ತೆಗೆದುಕೊಂಡು ದೂರದ ಮೇಜಿಗೆ ಹೋಗಿ ಕೂತೆ.

ಜೂನ್ 16, ಮಂಗಳವಾರ

ಮನೆಯವರ ಫೋನು. ಮಳೆ ಈ ಸಲ ಬೇಗ ಹಿಡಿದಿದೆಯಂತೆ, ಹಿಡಿದದ್ದು ಬಿಟ್ಟಿಲ್ಲವಂತೆ. ಮಗಳು ನದಿದಡದ ಊರಿನ ಆಸ್ಪತ್ರೆಯಲ್ಲಿ ಹೆಡ್ ನರ್ಸು. ರಜೆ ಹಾಕಿ ಮನೆಗೆ ಬಾ ಎಂದರೆ ರೋಗಿಗಳನ್ನು ಯಾರ ತಲೆಗೆ ಕಟ್ಟಿ ಬರಲಿ ಎಂದಳಂತೆ. ನನ್ನದೇ ಬೀಜ, ಏನು ಹೇಳಲಿ.

ಕಚೇರಿಗೆ ಫೋನು ಮಾಡಿದೆ. ನನ್ನ ಸಹಾಯಕಿ ಹೇಳಿದಳು: ನದಿ ಏರುತ್ತಿದೆ, ಬಣ್ಣ ಕೆಂಪಾಗಿದೆ, ಮರದ ಬೊಡ್ಡೆಗಳು ತೇಲಿ ಬರುತ್ತಿವೆ. ಮೇಲೆ ಏನಾಗುತ್ತಿದೆಯೋ ಎಂದಿನಂತೆ ಗೊತ್ತಿಲ್ಲ.

ಜೂನ್ 17, ಬುಧವಾರ

ಅಲ್ಲಿ ಮಳೆ. ಇಲ್ಲಿ ಒಂದು ಅಲ್ಪವಿರಾಮದ ಬಗ್ಗೆ ಚರ್ಚೆ.

ಜೂನ್ 18, ಗುರುವಾರ

ತಡೆಯಲಾಗಲಿಲ್ಲ. ಬೆಳಿಗ್ಗೆ ಸಭೆ ಸೇರುವ ಮೊದಲು ಮೊಗಸಾಲೆಯಲ್ಲಿ ಪಕ್ಕದ ಮೇಜಿನವರನ್ನು ನಾನೇ ನಿಲ್ಲಿಸಿದೆ. ಬಂದು ಇಷ್ಟು ದಿನವಾಗಿ ನಾನಾಗಿ ಆಡಿದ ಮೊದಲ ಮಾತು.

"ಅಣೆಕಟ್ಟು ತುಂಬಿದೆಯಾ?"

ಅವರು ಸುತ್ತ ನೋಡಿದರು. "ಹೇಳೋ ಹಾಗಿಲ್ಲ ಮೇಡಂ" ಎಂದರು. ಅಷ್ಟಕ್ಕೆ ನಿಲ್ಲಲಿಲ್ಲ. "ನಿಮ್ಮೋರು ಯಾರಾದ್ರೂ ದಡದಲ್ಲಿದ್ದಾರಾ?" ಎಂದು ಕೇಳಿದರು.

ಮಗಳು ಇದ್ದಾಳೆ ಎಂದೆ. ಅವರ ಮುಖದಿಂದ ರಕ್ತ ಇಳಿದದ್ದನ್ನು ಕಂಡೆ. ನನಗೆ ಉತ್ತರ ಸಿಕ್ಕಿತ್ತು, ಆದರೆ ಮುಖ ನೋಡಿ ಊರು ಖಾಲಿ ಮಾಡಿಸಲು ಬರುತ್ತದೆಯೆ? ರಾಯಭಾರಿಗೆ ಹೇಳಿದೆ. ಅವರು ನಿಟ್ಟುಸಿರಿಟ್ಟು, ಅಂಕಿಯಿಲ್ಲದೆ ರಾಜಧಾನಿ ಅಲುಗಾಡುವುದಿಲ್ಲ ಎಂದರು. ಸರಿಯೇ. ನಾನಿದ್ದರೂ ಅಲುಗಾಡುತ್ತಿರಲಿಲ್ಲ.

ದಿನವಿಡೀ ಪಕ್ಕದವರು ನಿದ್ದೆ ಮಾಡಲಿಲ್ಲ. ನಾನೂ ಏನೂ ಕೇಳಿಸಿಕೊಳ್ಳಲಿಲ್ಲ.

ಜೂನ್ 19, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಧ್ಯಕ್ಷೆ ಸುತ್ತಿಗೆ ಬಡಿದು ಹನ್ನೊಂದನೆಯ ಕಲಮನ್ನು ಕೈಗೆತ್ತಿಕೊಂಡರು. ಮೇಲಿನ ದೇಶದವರು ಕೈಯೆತ್ತಿ ಮಾತಾಡಲು ಅವಕಾಶ ಕೇಳಿದರು. ಇಲ್ಲಿಯವರೆಗೆ ಅವರು ಯಾವಾಗಲೂ ದೊಡ್ಡ ದೇಶಗಳ ಭಾಷೆಯಲ್ಲೇ ಮಾತಾಡಿದ್ದರು. ಇವತ್ತು ಬಾಯಿ ತೆರೆದದ್ದು ನಮ್ಮ ಭಾಷೆಯಲ್ಲಿ. ನಾನು ಕಿವಿಯ ಯಂತ್ರ ತೆಗೆದಿಟ್ಟೆ.

"ಅಧ್ಯಕ್ಷರೇ, ಈ ಕಲಮಿನಲ್ಲಿ ಯಾವ ಪದ ಇರಬೇಕು ಅಂತ ಹದಿನೈದು ದಿನದಿಂದ ಕೂತು ಯೋಚ್ನೆ ಮಾಡ್ತಿದ್ದೀವಿ. ಅಷ್ಟರಲ್ಲಿ ನಮ್ಮ ಅಣೆಕಟ್ಟು ತುಂಬಿಹೋಗಿದೆ. ಈ ಕಾಗದ ಇವತ್ತು ಬೆಳಿಗ್ಗೆ ನನ್ನ ಸರ್ಕಾರದಿಂದ ಬಂತು. ಮೇಲೆ ಗೌಪ್ಯ ಅಂತ ಬರೆದಿದೆ. ನಾನು ಓದ್ತೀನಿ."

ಓದಿದರು. ನೀರಿನ ಮಟ್ಟ, ಒಳಹರಿವು, ಇವತ್ತು ಮಧ್ಯಾಹ್ನ ಎಷ್ಟು ಗೇಟು ಎತ್ತುತ್ತಾರೆ, ಎಷ್ಟು ನೀರು ಬಿಡುತ್ತಾರೆ. ಅವಸರವಿಲ್ಲದೆ, ಮಕ್ಕಳಿಗೆ ಉಕ್ತಲೇಖನ ಹೇಳುವಂತೆ, ನನ್ನ ಕಡೆಗೇ ತಿರುಗಿ ಓದಿದರು. ಮೇಲೆ ಗಾಜಿನ ಗೂಡುಗಳಲ್ಲಿ ಆ ಅಂಕಿಗಳು ಒಂದೊಂದಾಗಿ ಜಗತ್ತಿನ ಎಲ್ಲ ಭಾಷೆಗಳಿಗೆ ಇಳಿಯುತ್ತಿದ್ದವು. ಇಪ್ಪತ್ತು ವರ್ಷ ನಾನು ಕನಸಿನಲ್ಲೂ ಬೇಡಿದ ಅಂಕಿಗಳು. ಅವನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಎಲ್ಲ ದೇಶಗಳ ದಾಖಲೆಯಲ್ಲೂ ಈಗ ಅವು ಇವೆ.

ಅವರ ಹಿಂದೆ ಕೂತಿದ್ದ ಅವರದೇ ಅಧಿಕಾರಿ ಎದ್ದು ಹೊರಗೆ ಓಡಿದ. ಅವರು ತಿರುಗಿ ನೋಡಲಿಲ್ಲ. ಕೊನೆಗೆ, "ಕೆಳಗೆ ಒಂದು ಆಸ್ಪತ್ರೆ ಇದೆ ಅಂತ ತಿಳೀತು. ನನಗೆ ಗೊತ್ತಿದ್ದೂ ಸುಮ್ಮನೆ ಕೂತ್ರೆ ನಾಳೆ ಈ ಕುರ್ಚೀಲಿ ಯಾವ ಮುಖ ಇಟ್ಕೊಂಡು ಕೂರಲಿ?" ಎಂದು ಹೇಳಿ ಕೂತರು.

ನನ್ನ ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ರಾತ್ರಿಯೊಳಗೆ ಬ್ಯಾರೇಜಿಗೆ, ನಾಳೆ ಸಂಜೆ ಊರಿಗೆ. ನಾವು ಈಗಲೇ ಬ್ಯಾರೇಜಿನ ಗೇಟುಗಳನ್ನು ಪೂರ್ತಿ ಎತ್ತಿದರೆ ಬರುವ ನೀರಿಗೆ ಜಾಗವಾಗುತ್ತದೆ, ಅವರ ಗಡಿಯೂರಿನ ಹಿನ್ನೀರೂ ಇಳಿಯುತ್ತದೆ. ಎತ್ತದಿದ್ದರೆ ಮೊದಲು ಅವರು ಮುಳುಗುತ್ತಾರೆ, ಆಮೇಲೆ ನಾವು. ಆದರೆ ಗೇಟಿನ ಸುದ್ದಿ ನಮ್ಮ ಗುಟ್ಟು. ಅದನ್ನು ಬಾಯಿಬಿಡುವ ಅಧಿಕಾರ ನನಗಿಲ್ಲ.

ಎದ್ದು ನಿಂತದ್ದು ಗೊತ್ತು. ಮೈಕಿನ ಗುಂಡಿ ಎಲ್ಲಿದೆ ಎಂದೇ ಕಾಣಲಿಲ್ಲ. ಆಗ ಒಂದು ಕೈ ಬಂದು ಅದನ್ನು ಒತ್ತಿತು. ನಮ್ಮ ರಾಯಭಾರಿಯದು. ಆದೇಶದ ಒಂದಕ್ಷರ ದಾಟದ ಮನುಷ್ಯ ಎಂದು ನಾನು ತಿಳಿದಿದ್ದವರು. ನನ್ನ ಕಡೆ ನೋಡದೆ, "ಹೇಳಿಬಿಡಿ" ಎಂದಷ್ಟೇ ಅಂದರು.

ಹೇಳಿದೆ. ನಮ್ಮ ಗೇಟುಗಳು ಈಗ ಎಷ್ಟು ತೆರೆದಿವೆ, ಪೂರ್ತಿ ತೆರೆದರೆ ಅವರ ಊರಿನಲ್ಲಿ ನೀರು ಎಷ್ಟು ತಗ್ಗುತ್ತದೆ, ಎಲ್ಲ. ತೆರೆಯಿಸಲು ಈಗಲೇ ಫೋನು ಮಾಡುತ್ತೇವೆ ಎಂದೂ ಹೇಳಿದೆ. ರಾಯಭಾರಿ ಆಗಲೇ ಫೋನು ಕಿವಿಗಿಟ್ಟು ಹೊರಗೆ ನಡೆದಿದ್ದರು.

ಇಬ್ಬರದೂ ಸೇರಿ ಮಾತಿನ ಹೊತ್ತು ಆಗಲೇ ಮೀರಿತ್ತು. ಅಧ್ಯಕ್ಷೆಯ ಕೈ ಸುತ್ತಿಗೆಯ ಮೇಲೇ ಇತ್ತು. ಬಡಿಯಲಿಲ್ಲ. ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿಟ್ಟರು.

ಆಮೇಲೆ ನಡೆದದ್ದನ್ನು ನಂಬುವುದು ಕಷ್ಟ. ಮಧ್ಯದ ಸಾಲಿನಿಂದ ಒಬ್ಬರು ಎದ್ದು, ಪಕ್ಕದ ದೇಶಕ್ಕೆ ತಾವು ಹೇಳದೆ ಇಟ್ಟುಕೊಂಡಿದ್ದ ಒಂದು ಜ್ವರದ ಸುದ್ದಿಯನ್ನು ಹೇಳಿದರು. ಗಡಿಯ ಎರಡು ಜಿಲ್ಲೆಗಳಲ್ಲಿ ಹರಡುತ್ತಿದೆಯಂತೆ. ಆ ಪಕ್ಕದ ದೇಶದವರು ಎದ್ದು ಮದ್ದು ನಮ್ಮಲ್ಲಿದೆ ಎಂದರು. ಮತ್ತೆಲ್ಲೋ ಇಬ್ಬರು, ತಮ್ಮ ನಡುವಿನ ಕಡಲಲ್ಲಿ ಯುದ್ಧಕಾಲದಲ್ಲಿ ಹುದುಗಿಸಿದ ಸಿಡಿಗುಂಡುಗಳ ನಕಾಶೆ ಕೊಡುವುದಾಗಿ ಹೇಳಿದರು. ಒಬ್ಬರಾದ ಮೇಲೆ ಒಬ್ಬರು. ಯಾರೂ ಭಾಷಣ ಮಾಡಲಿಲ್ಲ. ಎದ್ದು, ಇದ್ದದ್ದನ್ನು ಹೇಳಿ, ಕೂತರು. ದ್ವೀಪದ ಆ ಟೀಚರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ನದಿಗಳು ಸೇರುವುದನ್ನು ಬದುಕಿಡೀ ನೋಡಿದ್ದೇನೆ. ಜನ ಹಾಗೆ ಸೇರುವುದನ್ನು ಇವತ್ತು ನೋಡಿದೆ.

ಜೂನ್ 20, ಶನಿವಾರ

ಗೇಟುಗಳು ಪೂರ್ತಿ ತೆರೆದಿವೆ. ಊರು ಖಾಲಿ ಮಾಡಿಸುತ್ತಿದ್ದಾರೆ. ಮಗಳ ಫೋನು ಸಿಗುತ್ತಿಲ್ಲ.

ಜೂನ್ 21, ಭಾನುವಾರ

ಸಿಗುತ್ತಿಲ್ಲ.

ಜೂನ್ 22, ಸೋಮವಾರ

ಸಿಕ್ಕಿದಳು. ಗುಡ್ಡದ ಮೇಲಿನ ಕಾಲೇಜು ಕಟ್ಟಡದಲ್ಲಿದ್ದಾಳೆ, ರೋಗಿಗಳೆಲ್ಲ ಜೊತೆಗಿದ್ದಾರೆ. ಊರಿನ ಕೆಳಗಿನ ಅರ್ಧ ನೀರಿನಲ್ಲಿದೆ, ಆದರೆ ಆ ಮನೆಗಳಲ್ಲಿ ಜನರಿರಲಿಲ್ಲ. ಆಡುಗಳನ್ನು ಬಿಚ್ಚಲು ಹಿಂದಕ್ಕೆ ಹೋದ ಒಬ್ಬ ಮುದುಕ ಮಾತ್ರ ಬರಲಿಲ್ಲವಂತೆ. ಅವನ ಹೆಸರು ಕೇಳಿ ತಿಳಿದುಕೊಳ್ಳಬೇಕು.

ಶನಿವಾರ ಸಂಜೆ ಲೆಕ್ಕಕ್ಕಿಂತ ಮೊದಲೇ ನೀರು ರಸ್ತೆಗೆ ಬಂದು, ಕೊನೆಯ ಕೆಲವು ರೋಗಿಗಳೊಂದಿಗೆ ಅವಳು ಆಸ್ಪತ್ರೆಯ ಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಳಂತೆ. ಆಗ ಬಂದದ್ದು ಮೇಲಿನ ದೇಶದ ಸೈನ್ಯದ ದೋಣಿಗಳು. ನಮ್ಮ ದೋಣಿಗಳು ದೂರದಿಂದ ಬರಬೇಕು. ಅವರವು ಹೊಳೆಯ ಹರಿವಿನೊಂದಿಗೇ ಇಳಿದು ಬಂದುವು. ಗಡಿ ದಾಟಲು ನಮ್ಮವರೇ ದೀಪ ಬೀಸಿ ದಾರಿ ತೋರಿಸಿದರಂತೆ.

"ಅಮ್ಮಾ, ಆ ಯೂನಿಫಾರ್ಮ್ ನೋಡಿ ಮೊದ್ಲು ಕೈಕಾಲು ತಣ್ಣಗಾಯ್ತು. ಮಾವನ ಫೋಟೋ ಪಕ್ಕದಲ್ಲಿ ಪೇಪರಿಂದ ಅವರ ಸೈನಿಕರ ಚಿತ್ರ ಕತ್ತರಿಸಿ ಇಟ್ಟಿದ್ದೀಯಲ್ಲ, ಅದೇ ಯೂನಿಫಾರ್ಮ್. ಅವನು ಮಾಳಿಗೆ ಹತ್ತಿ ಬಂದು, ಮೊದ್ಲು ಯಾರನ್ನ ಇಳಿಸ್ಬೇಕು ನೀವೇ ಹೇಳಿ ಸಿಸ್ಟರ್ ಅಂದ. ಆಮೇಲೆ ನಾನು ಹೇಳ್ತಾ ಹೋದೆ, ಅವರು ಹೊರ್ತಾ ಹೋದ್ರು."

ಫೋನು ಇಟ್ಟ ಮೇಲೆ ಬಹಳ ಹೊತ್ತು ಕಿಟಕಿಯ ಬಳಿ ಕೂತಿದ್ದೆ. ಕೆಳಗೆ ಬೀದಿಯಲ್ಲಿ ಜನ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳಬೇಕೆನಿಸಿತು.

ಗಡಿಸೇತುವೆ ಕೊಚ್ಚಿಹೋಯಿತಂತೆ.

ಜೂನ್ 24, ಬುಧವಾರ

ಪಕ್ಕದ ಮೇಜಿನವರನ್ನು ಅವರ ಸರ್ಕಾರ ವಾಪಸ್ ಕರೆಸಿಕೊಂಡಿದೆ. ಸರ್ಕಾರದ ಗುಟ್ಟು ಬಯಲು ಮಾಡಿದ್ದಕ್ಕೆ ವಿಚಾರಣೆಯಂತೆ. ದೋಣಿ ಕಳಿಸಿದ ಸರ್ಕಾರವೇ ವಿಚಾರಣೆಯನ್ನೂ ಮಾಡುತ್ತದೆ. ನನಗೂ ರಾಜಧಾನಿಯಿಂದ ಕಾರಣ ಕೇಳಿ ಪತ್ರ ಬಂದಿತ್ತು. ಮಾತಾಡಿಸಿದ್ದು ನಾನೇ ಎಂದು ರಾಯಭಾರಿ ಬರೆದು ಕಳಿಸಿಬಿಟ್ಟಿದ್ದಾರೆ. ಕೇಳಿದರೆ, "ಗುಂಡಿ ಒತ್ತಿದ್ದು ನಾನೇ ಅಲ್ವಾ" ಎನ್ನುತ್ತಾರೆ.

ಮೇಲಿನ ದೇಶದವರು ಮೊಗಸಾಲೆಯ ಬೆಂಚಿನ ಮೇಲೆ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು, ಕಾರಿಗಾಗಿ ಕಾಯುತ್ತಾ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಗಳು ಹೇಗಿದ್ದಾಳೆ ಎಂದು ಕೇಳಿದರು. ಹೇಳಿದೆ. ಗಡಿಯೂರಿನಲ್ಲಿ ನೀರು ಹೊಸ್ತಿಲು ಹತ್ತಲಿಲ್ಲ ಎಂದು ಅವರು ಹೇಳಿದರು. ವಿಚಾರಣೆಯ ಮಾತು ತೆಗೆದರೆ, ಈ ವಯಸ್ಸಿಗೆ ಜೈಲಾದರೂ ಒಂದೇ, ಪಿಂಚಣಿಯಾದರೂ ಒಂದೇ, ಎರಡರಲ್ಲೂ ಮಧ್ಯಾಹ್ನ ಮಲಗಬಹುದು ಎಂದರು. ತಮಾಷೆಗೆ ಹೇಳುತ್ತಲೇ ಪೆಟ್ಟಿಗೆಯ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು.

ಆಮೇಲೆ ನಾನು ಹೇಳಲು ಯೋಚಿಸಿರದ ಮಾತು ಬಾಯಿಂದ ಬಂತು.

"ನನ್ನ ತಮ್ಮ ಆ ಸೇತುವೆ ಮೇಲೆ ತೀರಿಕೊಂಡ, ಅಣ್ಣ. ಯುದ್ಧದಲ್ಲಿ."

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. ಕ್ಷಮೆ ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ. "ಹೆಸರೇನಮ್ಮ?" ಎಂದು ಕೇಳಿದರು.

ಹೇಳಿದೆ. ಅವರು ಅದನ್ನು ಒಮ್ಮೆ ತಮ್ಮ ಎಳೆಯುವ ರಾಗದಲ್ಲಿ ಮೆಲ್ಲಗೆ ಉಚ್ಚರಿಸಿದರು. ನೆನಪಿನಲ್ಲಿಟ್ಟುಕೊಳ್ಳುವವರು ಹೇಳಿಕೊಳ್ಳುತ್ತಾರಲ್ಲ, ಹಾಗೆ. ಆ ದೇಶದ ಬಾಯಿಂದ ಅವನ ಹೆಸರು ಕೇಳಿದ್ದು ಅದೇ ಮೊದಲು. ಕಾರು ಬಂತು. ಪೆಟ್ಟಿಗೆಯನ್ನು ಬಾಗಿಲಿನವರೆಗೆ ನಾನೇ ಎತ್ತಿಕೊಂಡು ಹೋದೆ.

ಜೂನ್ 26, ಶುಕ್ರವಾರ

ಮತದಾನ.

'ಕೊಡಬೇಕು' ಉಳಿದಿದೆ. ವೀಟೊ ಮಾತಿಗೆ ದೊಡ್ಡ ದೇಶಗಳು ಎಳೆದಾಡಿ ಒಂದು ಗೆರೆ ಹಾಕಿವೆ: ಮುನ್ನೆಚ್ಚರಿಕೆ, ಮದ್ದು, ಅನ್ನ, ದೋಣಿ, ಇಷ್ಟಕ್ಕೆ ಮಾತ್ರ ವೀಟೊ ಇಲ್ಲ. ಸೈನ್ಯದ ಮಾತು ಬಂದರೆ ಹಳೆಯದೇ ಕಾನೂನು. ಪೂರ್ತಿ ಗೆದ್ದೆವೆನ್ನಲಾಗದು. ಹೊಳೆ ದಾಟಿಸಲು ಒಂದು ಹಗ್ಗ ಕಟ್ಟಿದ್ದೇವೆ. ಸೇತುವೆ ಕಟ್ಟುವವರು ಮುಂದೆ ಬರಲಿ.

ಆದರೆ ಅದಕ್ಕೂ ಕುತ್ತಿತ್ತು. ಸನ್ನದು ತಿದ್ದುವಾಗ ಹಳೆಯ ನಿಯಮವೇ ನಡೆಯುತ್ತದೆ. ಒಂದು ದೊಡ್ಡ ದೇಶ 'ಬೇಡ' ಎಂದರೂ ಮುಗಿಯಿತು. ಅಂಥದೊಂದು ದೇಶ ಕೊನೆಯ ದಿನದವರೆಗೂ ಬೇಡ ಎಂದೇ ಹೇಳುತ್ತಿತ್ತು. ಅದರ ಪ್ರತಿನಿಧಿ ಎತ್ತರದ, ಯಾರ ಜೊತೆಗೂ ಹೆಚ್ಚು ಬೆರೆಯದ ಮನುಷ್ಯ.

ಹೆಸರು ಕರೆಯಲು ಶುರುಮಾಡಿದರು. ಒಂದೊಂದು ದೇಶವೂ ಹೌದು ಎನ್ನುತ್ತಾ ಬಂತು. ನಮ್ಮ ಸರದಿಗೆ ರಾಯಭಾರಿ, ರಾಜಧಾನಿಯಿಂದ ನಿನ್ನೆ ಬಂದ ಹೊಸ ಆದೇಶದಂತೆ, ಹೌದು ಎಂದರು; ಅವರ ದನಿ ಒಡೆಯಿತು. ಪಕ್ಕದ ಮೇಜಿನಲ್ಲಿ ಮೇಲಿನ ದೇಶದ ಹೊಸ ಪ್ರತಿನಿಧಿ, ಕಪ್ಪು ತಲೆಯ ಚಿಕ್ಕ ವಯಸ್ಸಿನವರು. ತಿರುಗಿ ನೋಡಿದೆ. ಹೌದು ಎಂದರು.

ಆ ಎತ್ತರದ ಮನುಷ್ಯನ ಸರದಿ ಹತ್ತಿರವಾಯಿತು. ಆತ ಎದ್ದ. ಮೇಜಿನ ಮೇಲಿನ ನೀರು ಮುಟ್ಟದೆ ಹಾಗೇ ಇತ್ತು. ಕೋಟಿನ ಗುಂಡಿ ಹಾಕಿಕೊಂಡು, ಎರಡು ಸಾಲುಗಳ ನಡುವೆ ನಿಧಾನವಾಗಿ ನಡೆದು, ದ್ವೀಪದ ಟೀಚರಿನ ಮೇಜಿನ ಬಳಿ ಕ್ಷಣ ನಿಂತು ತಲೆಬಾಗಿ, ಹೊರಗೆ ಹೋದ. ಬಾಗಿಲು ಮುಚ್ಚಿತು.

ಆ ದೇಶದ ಹೆಸರು ಕರೆದರು. ಉತ್ತರವಿಲ್ಲ. ಅಧ್ಯಕ್ಷೆ ಮತ್ತೊಮ್ಮೆ ಕರೆದರು. ಇಲ್ಲ. "ಗೈರುಹಾಜರು" ಎಂದು ಬರೆಸಿ, ಮುಂದಿನ ಹೆಸರಿಗೆ ಹೋದರು. ಅವರ ದನಿಯಲ್ಲಿ ಏನೂ ಇರಲಿಲ್ಲ. ಆದರೆ ಬೆರಳುಗಳು ಮೇಜಿನ ಅಂಚನ್ನು ಬಿಳುಚಿಕೊಳ್ಳುವಂತೆ ಹಿಡಿದಿದ್ದವು. ಗೈರುಹಾಜರಿ 'ಬೇಡ' ಅಲ್ಲ ಎಂದು ರಾಯಭಾರಿ ನನ್ನ ಕಿವಿಯಲ್ಲಿ ಹೇಳಿದರು. ಅವರ ರಾಜಧಾನಿಯೇ ಎದ್ದು ಹೋಗು ಎಂದಿತೋ, ಆ ಮನುಷ್ಯನೇ ಎದ್ದನೋ, ಯಾರಿಗೂ ಗೊತ್ತಿಲ್ಲ.

ಕಲಮು ಪಾಸಾಯಿತು ಎಂದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೊದಲು ದ್ವೀಪದ ಟೀಚರು ಎದ್ದು ನಿಂತರು. ಆಮೇಲೆ ಅವರ ಸಾಲು. ಆಮೇಲೆ ಕುರ್ಚಿಗಳು ಸರಿಯುವ ಸದ್ದು ಇಡೀ ಸಭಾಂಗಣದಲ್ಲಿ ಹಿಂದಿನಿಂದ ಮುಂದಕ್ಕೆ ಉರುಳಿ ಬಂತು. ಎಲ್ಲರೂ ನಿಂತೆವು. ಎಷ್ಟು ಹೊತ್ತು ನಿಂತೆವೋ.

ಜುಲೈ 6, ಸೋಮವಾರ

ಮನೆಗೆ ಬಂದು ವಾರವಾಗುತ್ತಾ ಬಂತು. ಮಗಳು ಊರಿಗೆ ಮರಳಿದ್ದಾಳೆ. ಆಸ್ಪತ್ರೆಯ ನೆಲದ ಕೆಸರು ಇನ್ನೂ ತೆಗೆಯುತ್ತಿದ್ದಾರಂತೆ. ಮನೆಯವರು ನನ್ನನ್ನು ನೋಡಿ ಸಣ್ಣಗಾಗಿದ್ದೀಯ ಎಂದರು, ಮಾತು ಜಾಸ್ತಿಯಾಗಿದೆ ಎಂದೂ ಅಂದರು. ಮೇಲಿನ ದೇಶದ ಅಣ್ಣನ ವಿಚಾರಣೆ ಮುಂದಕ್ಕೆ ಹೋಗಿದೆ ಎಂದು ರಾಯಭಾರಿ ತಿಳಿಸಿದ್ದಾರೆ. ಏನಾದರೂ ಆಗಲಿ, ಸಾಕ್ಷಿಗೆ ಕರೆದರೆ ಗಡಿ ದಾಟಿ ಹೋಗಿ ಬರುತ್ತೇನೆ ಎಂದು ಬರೆದು ಕೊಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಹೊಸ ಲೈನು ಹಾಕಿ ಹೋದರು. ಮೇಜಿನ ಮೇಲೆ ಸಾದಾ ಕಪ್ಪು ಫೋನು. ಅದು ರಿಂಗಾಗುತ್ತದೆಂದು ಯಾರಿಗೂ ನಂಬಿಕೆಯಿಲ್ಲ. ಆದರೂ ಅಷ್ಟೂ ಜನ ಕೆಲಸ ಬಿಟ್ಟು ಅದರ ಸುತ್ತ ಸುಳಿದಾಡುತ್ತಿದ್ದರು. ರಿಂಗಾಯಿತು. ನಾನೇ ಎತ್ತಿದೆ.

ಹೆಣ್ಣುದನಿ, ಎಳೆಯದು. ಎಳೆಯುವ ರಾಗ. ಮೇಲಿನ ಅಣೆಕಟ್ಟಿನ ಕಂಟ್ರೋಲ್ ರೂಮಿನಿಂದ ಎಂದು ಹೇಳಿ, ಗಂಟಲು ಸರಿಮಾಡಿಕೊಂಡು ಅಂಕಿಗಳನ್ನು ಓದಿದಳು: ಮಟ್ಟ, ಒಳಹರಿವು, ಹೊರಹರಿವು. ನಾನು ಒಂದೊಂದನ್ನೂ ತಿರುಗಿ ಹೇಳಿ ಖಚಿತ ಮಾಡಿಕೊಂಡೆ. ನಮ್ಮ ಗೇಟುಗಳ ಅಂಕಿ ಓದಿದೆ. ಅವಳು ತಿರುಗಿ ಹೇಳಿದಳು. ಕೆಲಸ ಮುಗಿಯಿತು. ಇಬ್ಬರಿಗೂ ಫೋನು ಇಡಲು ಮನಸ್ಸಾಗಲಿಲ್ಲ.

ಆಮೇಲೆ ಅಳುಕುತ್ತಾ, "ಅಲ್ಲಿ ಈಗ ಮಳೆ ಇದೆಯಾ ಅಕ್ಕ?" ಎಂದು ಕೇಳಿದಳು.

ಎದ್ದು, ವೈರು ಎಷ್ಟು ದೂರ ಬರುತ್ತದೋ ಅಷ್ಟು ದೂರ ಫೋನನ್ನು ಎಳೆದುಕೊಂಡು ಹೋಗಿ ಕಿಟಕಿಯಿಂದ ಹೊರಗೆ ನೋಡಿದೆ. ಹೊಳೆಯ ಮೇಲೆಲ್ಲ ಬಿಸಿಲು ಬಿದ್ದಿತ್ತು.

"ಇಲ್ಲಮ್ಮ, ಹೊಳವಾಗಿದೆ" ಎಂದೆ. "ನಿಮ್ಮಲ್ಲಿ?"